ಬಿಸಿ ಮೇಲಕ್ಕಷ್ಟೇ ಹೋಗುತ್ತದೆ

ಹೊತ್ತಾಯಿತು, ಒಳಗೆ ಬನ್ನಿ ಎಂದು ಮನೆಯಾಕೆ ಆಗಲೇ ಒಮ್ಮೆ ಕರೆದಳು. ಹೋಗುತ್ತೇನೆ. ಇದೊಂದನ್ನು ಹೇಳಿ ಮುಗಿಸದೆ ಎದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ನೀವು ಸ್ವಲ್ಪ ಹತ್ತಿರಕ್ಕೆ ಬನ್ನಿ. ಇದು ಜೋರಾಗಿ ಹೇಳುವಂಥದ್ದಲ್ಲ.

ಆದದ್ದು ನನ್ನ ಚಿಕ್ಕಪ್ಪನ ಮಗನಿಗೆ. ನನಗಿಂತ ಬಹಳ ಚಿಕ್ಕವನು, ನಾನೇ ಎತ್ತಿ ಆಡಿಸಿದವನು. ಸುಳ್ಳು ಕಟ್ಟಿ ಹೇಳುವಷ್ಟು ಜಾಣತನ ಅವನಿಗೆ ಹುಟ್ಟಿದಾಗಿನಿಂದಲೂ ಇಲ್ಲ. ನಾನು ಅವನನ್ನು ತಮ್ಮ ಎಂದೇ ಕರೆಯುವುದು. ಇಲ್ಲಿಯೂ ಹಾಗೇ ಇರಲಿ.

ತಮ್ಮ ಕೆಲಸಕ್ಕಿದ್ದದ್ದು ಊರಿಗೆ ನೀರು ಬಿಡುವ ಪಂಪುಮನೆಯಲ್ಲಿ. ಆ ರಾತ್ರಿ ಕೆಲಸ ಮುಗಿಸಿ, ಬಾಗಿಲಿಗೆ ಬೀಗ ಜಡಿದು ಹೊರಟ. ರಸ್ತೆಗೆ ಬರಬೇಕಾದರೆ ಬಾವಿಯನ್ನು ಬಳಸಿಕೊಂಡೇ ಬರಬೇಕು. ದೊಡ್ಡ ಬಾವಿ ಅದು. ಒಳಗೆ ಇಳಿಯಲು ಕಬ್ಬಿಣದ ಏಣಿ, ಬಾಯಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಅದರ ಪಕ್ಕ ಬಂದಾಗಲೆಲ್ಲ ಅವನು ಮುಖ ತಿರುಗಿಸಿಕೊಂಡು ಬೇಗ ಬೇಗ ನಡೆಯುತ್ತಿದ್ದ. ಯಾಕೆಂದರೆ ಕೆಲವು ತಿಂಗಳ ಹಿಂದೆ ಅದರೊಳಗೇ ಅವನ ಭಾವ, ಅಂದರೆ ಅವನ ಅಕ್ಕನ ಗಂಡ, ಅಲ್ಲೇ ಕೆಲಸಕ್ಕಿದ್ದವರು, ಮುಳುಗಿ ಸತ್ತಿದ್ದರು.

ಬಾವಿ ದಾಟಿದ. ಆಗ... ಹಿಂದಿನಿಂದ ಒಂದು ಸದ್ದು.

ಗುಂಯ್... ಎಂದು. ಮೊದಲು ಸಣ್ಣಗೆ, ಸೊಳ್ಳೆ ಕಿವಿಯ ಹತ್ತಿರ ಬಂದಂತೆ. ಆಮೇಲೆ ದಪ್ಪಗೆ, ಒಂದೇ ಸಮನೆ.

ಸದ್ದು ಬಾವಿಯದಲ್ಲ, ಪಂಪುಮನೆಯದು. ಅವನೇ ಈಗಷ್ಟೇ ದೀಪ ಆರಿಸಿ ಬೀಗ ಹಾಕಿದ ಕೋಣೆಯದು. ತಮ್ಮನಿಗೆ ಆ ಸದ್ದು ಚೆನ್ನಾಗಿ ಗೊತ್ತು. ಕೋಣೆಯ ಕಂಪ್ಯೂಟರ್ ಪೆಟ್ಟಿಗೆಯೊಂದರ ಒಳಗಿನ ಸಣ್ಣ ಫ್ಯಾನು ಅದು. ಪೆಟ್ಟಿಗೆಗೆ ಕೈತುಂಬ ಕೆಲಸವಿದ್ದಾಗ ಮಾತ್ರ ಅದು ಹಾಗೆ ಕೂಗುತ್ತದೆ.

ಹಿಂದಕ್ಕೆ ಹೋದ. ಬೀಗ ತೆಗೆದ. ದೀಪ ಹಾಕಿದ.

ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಭಾವ ಸತ್ತ ಮಾರನೆಯ ದಿನ ಮೇಲಧಿಕಾರಿಗಳು ಬಂದು, ಇದು ಕೆಟ್ಟಿದೆ ಎಂದು ಕಿತ್ತುಹಾಕಿದ್ದರು, ಹಾಗೇ ಬಿದ್ದಿತ್ತು, ಧೂಳು ಹಿಡಿದು.

ಫ್ಯಾನು ತಿರುಗುತ್ತಿತ್ತು.

ಇನ್ನು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಪೆಟ್ಟಿಗೆಗಳ ವಿಷಯ ಹೇಳದೆ ಹೋದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾನೇನು ಅದನ್ನು ಓದಿದವನಲ್ಲ. ತಮ್ಮ ನನಗೆ ಹೇಗೆ ಬಿಡಿಸಿ ಹೇಳಿದನೋ ಹಾಗೇ ಹೇಳುತ್ತೇನೆ.

ಅಲ್ಲಿ ಇದ್ದದ್ದು ಎರಡು ಪೆಟ್ಟಿಗೆ. ಒಂದನ್ನು ಬಾವಿ ಪೆಟ್ಟಿಗೆ ಎನ್ನುತ್ತಿದ್ದರು. ಬಾವಿಯಲ್ಲಿ ನೀರೆಷ್ಟಿದೆ, ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ, ಒಳಗೆ ಯಾರಾದರೂ ಇಳಿದಿದ್ದಾರೋ ಎಂದು ನೋಡಿಕೊಳ್ಳುವುದು ಅದರ ಕೆಲಸ. ಪಂಪು ಶುರುವಾಗುವ ಮುಂಚೆ ಬಾವಿಯೊಳಗೆ ಒಂದು ಗಂಟೆ ಬಾರಿಸುವುದೂ ಅದೇ. ಇನ್ನೊಂದು ಗೇಟಿನ ಪೆಟ್ಟಿಗೆ. ಹೊಳೆಯ ನೀರನ್ನು ಬಾವಿಗೆ ಬಿಡುವ ಗೇಟನ್ನು ಬೆಳಗಿನ ಜಾವ ತೆರೆಯುವುದು ಅದು. ದೊಡ್ಡ ಕಚೇರಿಯಿಂದ ಅದಕ್ಕೆ ಅಪ್ಪಣೆ ಬರುತ್ತಿತ್ತು. ಹೊರಗಿನವರು ಯಾರಾದರೂ ಆ ದಾರಿಯಲ್ಲಿ ಒಳನುಗ್ಗಿ ಊರಿನ ನೀರಿಗೇ ಕೈಹಾಕಿದರೆ ಎಂದು ಹೆದರಿ, ಈ ಎರಡರ ನಡುವೆ ಯಾವ ತಂತಿಯೂ ಇರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ಸರಿ. ಆದರೆ ಬಾವಿಯೊಳಗೆ ಮನುಷ್ಯ ಇದ್ದಾನೆ ಎಂದು ಗೇಟಿಗೆ ಗೊತ್ತಾಗುವುದು ಹೇಗೆ?

ಭಾವನಿಗೆ ಇದೇ ಚಿಂತೆ. ಬಾವಿಯ ತಳದ ಜಾಲರಿಗೆ ಕಸ ಕಟ್ಟಿಕೊಂಡಾಗ ಇಳಿಯಬೇಕಾದವರು ಅವರೇ ತಾನೆ. ಎರಡು ಪೆಟ್ಟಿಗೆಯ ಪ್ರೋಗ್ರಾಮುಗಳನ್ನು ಬರೆದದ್ದೂ ಅವರೇ. ಮೊದಲು ಬಾವಿ ಪೆಟ್ಟಿಗೆಯಿಂದ ಕೀಚ್ ಕೀಚ್ ಎಂದು ಸದ್ದು ಮಾಡಿಸಿ ಇನ್ನೊಂದಕ್ಕೆ ಕೇಳಿಸಲು ನೋಡಿದರಂತೆ. ಪಂಪಿನ ಗದ್ದಲದಲ್ಲಿ ಅದು ಮುಚ್ಚಿಹೋಯಿತು. ದೀಪ ಮಿಣುಕಿಸಿ ತೋರಿಸಲು ನೋಡಿದರು. ಅದನ್ನು ನೋಡಲೆಂದು ಇಟ್ಟ ಗಾಜಿನ ಕಣ್ಣಿಗೆ ಧೂಳು ಕೂತಿತು. ಕೊನೆಗೆ ಒಂದು ದಿನ ಬಾವಿ ಪೆಟ್ಟಿಗೆಯನ್ನು ಕೆಳಗಿಟ್ಟು, ಅದರ ಬೆನ್ನಿನ ಮೇಲೆಯೇ ಗೇಟಿನ ಪೆಟ್ಟಿಗೆಯನ್ನು ಕೂರಿಸಿದರು. ಅಷ್ಟೇ.

ಕಂಪ್ಯೂಟರಿಗೆ ಮೈಮುರಿಯುವ ಕೆಲಸ ಕೊಟ್ಟರೆ ಅದು ಬಿಸಿಯಾಗುತ್ತದೆ. ತನ್ನ ಮೈ ಎಷ್ಟು ಬಿಸಿ ಎಂದು ಅಳೆದುಕೊಳ್ಳುವ ಏರ್ಪಾಡು ಪ್ರತಿಯೊಂದರ ಒಳಗೂ ಇರುತ್ತದಂತೆ. ಬಾವಿಯೊಳಗೆ ಮನುಷ್ಯ ಇಳಿದರೆ ಕೆಳಗಿನ ಪೆಟ್ಟಿಗೆ ಸುಮ್ಮಸುಮ್ಮನೆ ಏನೇನೋ ಲೆಕ್ಕ ಹಾಕುತ್ತ ಮೈ ಬಿಸಿ ಮಾಡಿಕೊಳ್ಳಬೇಕು. ಆ ಕಾವು ಮೇಲಿನದಕ್ಕೆ ತಟ್ಟಬೇಕು. ಕಾವು ಆರುವ ತನಕ ಮೇಲಿನದು ಗೇಟು ತೆರೆಯಬಾರದು.

ಈ ಗುಟ್ಟನ್ನು ಅವರು ಹೇಳಿದ್ದು ಹೆಂಡತಿಗೆ ಮಾತ್ರ.

"ಬಾಯಿ ಬಾರದ ಮಗು ಜ್ವರ ಬಂದಿದೆ ಅಂತ ಹೇಳುತ್ತಾ? ನೀನು ಹಣೆ ಮುಟ್ಟಿ ತಿಳ್ಕೊಳಲ್ವಾ? ಹಾಗೇ ಇದು."

"ಸಾಹೇಬ್ರಿಗೆ ಗೊತ್ತಾದ್ರೆ?"

"ತಂತಿ ಬೇಡ ಅಂದ್ರು. ಬಿಸಿ ಬೇಡ ಅಂದ್ರಾ?"

ತಮ್ಮನಿಗೆ ಇದು ಗೊತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಯಾಕೆ ಒಂದರ ಮೇಲೊಂದು ಇಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ಭಾವ ನಕ್ಕು, "ಗಂಡ ಹೆಂಡ್ತಿ ಮಾತು ಬಿಟ್ಟಿರೋ ಮನೇಲೂ ವಿಷಯ ತಿಳಿಯುತ್ತೆ ಕಣೋ, ಪಾತ್ರೆ ಕುಕ್ಕೋ ಸದ್ದಲ್ಲೇ. ಇವೆರಡೂ ಹಾಗೆ. ನೀನು ಮಾತ್ರ ಇವನ್ನ ಬೇರೆ ಮಾಡ್ಬೇಡ" ಎಂದಿದ್ದರು. ತಮ್ಮ ಬೇರೆ ಮಾಡಲೂ ಇಲ್ಲ.

ಆ ಕೋಣೆಗೆ ಕಿಟಕಿಯಿಲ್ಲ. ಬೇಸಿಗೆ ಬೇರೆ. ತಮ್ಮ ಬೆವರಿನಲ್ಲಿ ತೊಯ್ದು ಮನೆಗೆ ಬರುವುದನ್ನು ನೋಡಲಾರದೆ ಅಕ್ಕ ತನ್ನ ಮನೆಯ ಟೇಬಲ್ ಫ್ಯಾನನ್ನು ಕಳಿಸಿಕೊಟ್ಟಳು.

ಅದಾದ ಒಂದೆರಡು ದಿನಕ್ಕೆ, ಬೆಳಗಿನ ಜಾವಕ್ಕೆ ಮುಂಚೆ, ಭಾವ ಜಾಲರಿಯ ಕಸ ಬಿಡಿಸಲು ಬಾವಿಗೆ ಇಳಿದರು. "ಮೇಲಿಂದು ನೋಡ್ಕೊಳ್ಳುತ್ತೆ, ನೀನು ಹೋಗಿ ಚಹಾ ಕುಡ್ಕೊಂಡು ಬಾ" ಎಂದು ಹೇಳಿಯೇ ಇಳಿದರು. ಕೆಳಗಿನ ಪೆಟ್ಟಿಗೆ ಗುಂಯ್ ಎಂದು ಕೂಗಲು ಶುರು ಮಾಡಿತು. ತಮ್ಮ ಮುಟ್ಟಿ ನೋಡಿದ. ಸುಡುತ್ತಿತ್ತು. ಅಯ್ಯೋ ಪಾಪ, ಭಾವ ಇಷ್ಟು ಆಸೆಯಿಂದ ಇಟ್ಟುಕೊಂಡದ್ದು, ಸುಟ್ಟುಹೋದೀತು ಎಂದು ಮರುಗಿ, ಅಕ್ಕ ಕಳಿಸಿದ ಫ್ಯಾನನ್ನು ಅದರ ಕಡೆಗೆ ತಿರುಗಿಸಿಟ್ಟು, ಜೋರಾಗಿ ಹಾಕಿ, ಚಹಾ ಕುಡಿಯಲು ಹೋದ.

ಅದು ಕೂಗಿದಷ್ಟೂ ಗಾಳಿ ಅದನ್ನು ತಣ್ಣಗೆ ಮಾಡಿತು. ಮೇಲಿನದಕ್ಕೆ ಏನೂ ತಟ್ಟಲಿಲ್ಲ. ಹೊತ್ತಿಗೆ ಸರಿಯಾಗಿ ಗೇಟು ತೆರೆಯಿತು.

ಗೇಟು ತೆರೆಯುತ್ತದೆಂದು ಕೆಳಗಿನ ಪೆಟ್ಟಿಗೆಗೆ ತಿಳಿಯುವ ದಾರಿ ಇರಲಿಲ್ಲ. ಹಾಗಾಗಿ ಬಾವಿಯೊಳಗಿನ ಗಂಟೆ ಬಾರಿಸಲಿಲ್ಲ.

ದೇಹ ಜಾಲರಿಯ ಹತ್ತಿರ ಸಿಕ್ಕಿತು. ಮಾಡಬೇಕಾದ್ದನ್ನೆಲ್ಲ ಮಾಡಿದ್ದಾಯಿತು. ನಾನೇ ಮುಂದೆ ನಿಂತಿದ್ದೆ, ಯಾವುದಕ್ಕೂ ಲೋಪ ಆಗಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಏನೋ ಬಿಟ್ಟುಹೋಗಿತ್ತು, ಅದಕ್ಕೇ ಹೀಗಾಯಿತು ಎಂದು ನೀವು ಆಮೇಲೆ ಹೇಳಬಾರದು.

ಈಗ ಆ ರಾತ್ರಿಗೆ ಬರೋಣ. ಕೆಳಗಿನ ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ, ಅದರ ಫ್ಯಾನು ತಿರುಗುತ್ತಿದೆ. ತಮ್ಮ ಮೇಲಿನ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಅದರ ಪರದೆಯ ಮೇಲೆ ಒಂದೇ ಸಾಲು... 'ಒಳಗೆ ಮನುಷ್ಯ ಇದ್ದಾನೆ. ಗೇಟು ತೆರೆಯುವುದಿಲ್ಲ.'

ಟಾರ್ಚು ಹಿಡಿದು ಬಾವಿಗೆ ಓಡಿದ. ಮುಚ್ಚಳ ತೆಗೆದು ಬೆಳಕು ಬಿಟ್ಟ. ಹಗಲೆಲ್ಲ ಪಂಪು ಎಳೆದು ನೀರು ಬಸಿದಿತ್ತು. ತಳ ಕಾಣುತ್ತಿತ್ತು. ಯಾರೂ ಇರಲಿಲ್ಲ.

ಬೆಳಗಿನ ಜಾವವಾಯಿತು. ಗೇಟು ತೆರೆಯಲಿಲ್ಲ. ಊರಿಗೆ ನೀರು ಹೋಗಬೇಕಲ್ಲ? ಕೈಯಿಂದ ತಿರುಗಿಸುವ ಒಂದು ದೊಡ್ಡ ಚಕ್ರ ಇತ್ತು, ತಮ್ಮ ಅದನ್ನು ತಿರುಗಿಸಿದ. ಕಿರ್ರ್... ಕಿರ್ರ್... ಒಳಗೆ ನೀರು ಭೋರೆಂದು ಬಿತ್ತು. ಅದರ ಹಿಂದೆಯೇ ಕೋಣೆಯಲ್ಲಿ ಫ್ಯಾನಿನ ಸದ್ದು ನಿಂತಿತು. ಮುಟ್ಟಿ ನೋಡಿದರೆ ಪೆಟ್ಟಿಗೆ ತಣ್ಣಗೆ.

ಮಾರನೆಯ ರಾತ್ರಿಯೂ ಅದೇ. ಅದರ ಮಾರನೆಯ ರಾತ್ರಿಯೂ.

ಯೋಚನೆ ಮಾಡಿ. ಒಳಗೆ ಮನುಷ್ಯ ಇದ್ದಾನೆ ಎಂದು ಅದು ಹೇಳುತ್ತದೆ. ಬೆಳಗಾದರೆ ಇವನು ತನ್ನ ಕೈಯಾರೆ ನೀರು ಬಿಡಬೇಕು. ದಿನಾ. ಮೇಲಧಿಕಾರಿಗಳಿಗೆ ಹೇಳಿದ. ಗೇಟಿನ ಪೆಟ್ಟಿಗೆಯೂ ಕೆಟ್ಟಿದೆ, ಹೊಸದು ಬರುವ ತನಕ ಕೈಯಲ್ಲೇ ತಿರುಗಿಸು ಎಂದರು. ಊಟ ಬಿಟ್ಟ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆ ಬೊಬ್ಬೆ ನೋಡಿಯೇ ಅಕ್ಕ ಹಿಡಿದುಕೊಂಡು ಕೇಳಿದಳು. ಇವನಿಗೆ ಮುಚ್ಚಿಡಲು ಬರುತ್ತದೆಯೇ? ಎಲ್ಲ ಹೇಳಿಬಿಟ್ಟ.

ಆಗಲೇ ಅವಳೂ ಹೇಳಿದ್ದು, ಆ ಬಿಸಿ ಏನೆಂಬುದನ್ನು. ಅಲ್ಲಿಯ ತನಕ ಹೇಳಿರಲಿಲ್ಲ. ಫ್ಯಾನು ತಿರುಗಿಸಿಟ್ಟವನು ಇವನು, ಕಳಿಸಿದವಳು ಅವಳು. ಯಾರು ಯಾರಿಗೆ ಏನೆಂದು ಹೇಳುವುದು...

ಆ ಸಂಜೆ ಅವನ ಜೊತೆಗೇ ಅವಳೂ ಪಂಪುಮನೆಗೆ ಬಂದಳು. ಮೇಲಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ... ಗುಂಯ್.

"ಬಂತು," ಎಂದಳು. ಪಿಸುಮಾತು. "ಬಿಸಿ ಬಂತು ಕಣೋ."

"ಕೈ ತೆಗಿ ಅಕ್ಕ. ಸುಡುತ್ತೆ."

"ಇದೇನು ಸುಡುತ್ತೆ. ಅವ್ರ ಮೈನೇ ಇಷ್ಟು ಬಿಸಿ ಇರ್ತಿತ್ತು." ಕೈ ತೆಗೆಯದೆಯೇ ಕೇಳಿದಳು, "ನಾವು ಅವ್ರಿಗೆ ಏನಾದ್ರೂ ಹೇಳ್ಬೇಕು ಅಂದ್ರೆ?"

"ಆಗಲ್ಲ ಅಕ್ಕ. ಬಿಸಿ ಮೇಲಕ್ಕಷ್ಟೇ ಹೋಗೋದು. ಕೆಳಗಿರೋದು ಹೇಳ್ಬಹುದು, ಮೇಲಿರೋದು ಕೇಳ್ಬಹುದು. ಅಷ್ಟೇ."

"ಹೇಳೋದೂ ಕೇಳೋದೂ ಎರಡಕ್ಕೂ ಕಲಿಸಿದೀನಿ ಅಂತಿದ್ರು."

"ಕಲಿಸಿರಬಹುದು. ಕೆಳಗಿರೋದಕ್ಕೆ ತಟ್ಟಲ್ಲ."

ಅಕ್ಕ ಆ ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು. "ಹಾಗಿದ್ರೆ," ಎಂದಳು, "ಮೇಲಿಂದನ್ನ ಕೆಳಗಿಡು."

ಎರಡು ದಿನವೂ ತಮ್ಮ ಆಗುವುದೇ ಇಲ್ಲ ಎನ್ನುತ್ತಿದ್ದ. ಬಾವಿ ಪೆಟ್ಟಿಗೆಗೆ ಕರೆಂಟು ಕೊಡಕೂಡದೆಂದು ಅಧಿಕಾರಿಗಳು ಹೇಳಿದ್ದಾರೆ, ಕೆಲಸ ಹೋಗುತ್ತದೆ ಎಂದ. "ಹೋಗ್ಲಿ ಬಿಡು. ಈ ಕೆಲಸ ಇಟ್ಕೊಂಡು ದಿನಾ ಬೆಳಗ್ಗೆ ಏನು ಮಾಡ್ತಿದೀಯ ಅಂತ ಗೊತ್ತಲ್ಲ ನಿಂಗೆ" ಎಂದಳು ಅವಳು. ಮೂರನೆಯ ದಿನ ಒಪ್ಪಿದ.

ಗೇಟಿನ ಪೆಟ್ಟಿಗೆಯನ್ನು ಕೆಳಗಿಟ್ಟ. ಅದರ ಮೇಲೆ ಬಾವಿ ಪೆಟ್ಟಿಗೆ. ಪ್ಲಗ್ಗಿನ ಧೂಳು ಒರೆಸಿ ಚುಚ್ಚಿದ. ಭಾವ ಬರೆದಿಟ್ಟಿದ್ದ ಪ್ರೋಗ್ರಾಮಿನಲ್ಲಿ ಹುಡುಕಿದರೆ ನಿಜವಾಗಿಯೂ ಇತ್ತು... ಗೇಟಿನ ಪೆಟ್ಟಿಗೆ ಹೇಳಬಹುದಾದ ಒಂದೇ ಒಂದು ಮಾತು. 'ಮೇಲೆ ಬಾ.' ಒಂದು ದಿನವೂ ಉಪಯೋಗಕ್ಕೆ ಬಾರದೆ ಬಿದ್ದಿದ್ದ ಮಾತು. ಅದರ ಕಾವು ತಟ್ಟಿದರೆ ಬಾವಿ ಪೆಟ್ಟಿಗೆ ಬಾವಿಯೊಳಗಿನ ಗಂಟೆ ಬಾರಿಸಬೇಕು. ತಮ್ಮ ಅದನ್ನು ಒತ್ತಿದ.

ಇಬ್ಬರೂ ಹೊರಗೆ ಬಂದು ಬಾವಿಯ ಹತ್ತಿರ ಕೂತರು. ಮುಚ್ಚಳಕ್ಕೆ ಬೀಗ ಇತ್ತು. ಕೀಲಿ ತಮ್ಮನ ಮುಷ್ಟಿಯಲ್ಲಿತ್ತು. ಒಳಗೆ ನೀರಿರಲಿಲ್ಲ, ಸಂಜೆಯೇ ನೋಡಿದ್ದ.

ಬಿಸಿ ಏರುವುದು ನಿಧಾನ. ಅದು ತಂತಿಯ ಮಾತಿನಂತಲ್ಲ. ಕೋಣೆಯಲ್ಲಿ ಫ್ಯಾನು ಕೂಗುತ್ತಿತ್ತು. ಕೂಗಿತು... ಕೂಗಿತು... ಅಕ್ಕ ಸೆರಗನ್ನು ಹೊದ್ದು ಕೂತಿದ್ದಳು. ಇದೆಲ್ಲ ಸುಳ್ಳಾದರೆ ಸಾಕಪ್ಪಾ ಎಂದು ತಮ್ಮ ದೇವರನ್ನು ಕೇಳಿಕೊಳ್ಳುತ್ತಿದ್ದನಂತೆ.

ಆಗ ಬಾವಿಯೊಳಗಿನ ಗಂಟೆ ಹೊಡೆಯಿತು. ಟ್ರಿರ್ರ್ರ್... ಮುಚ್ಚಳದ ಕೆಳಗಿನಿಂದ, ಕಂಬಳಿಯೊಳಗೆ ಸುತ್ತಿಟ್ಟಂತೆ.

ನಿಂತಿತು.

ಆಮೇಲೆ ಬಹಳ ಕೆಳಗೆ, ಕಬ್ಬಿಣದ ಏಣಿಯ ಮೇಲೆ... ಠಣ್.

ಸ್ವಲ್ಪ ಬಿಟ್ಟು... ಠಣ್.

ಅಕ್ಕ ಎದ್ದು ನಿಂತಳು. ಒಂದೊಂದೇ ಮೆಟ್ಟಿಲು. ದಿನವಿಡೀ ದುಡಿದ ಮನುಷ್ಯ ಹತ್ತುತ್ತಾನಲ್ಲ, ಹಾಗೆ. ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೇ ತಂದು, ದಮ್ಮು ತೆಗೆದುಕೊಂಡು. ಠಣ್... ಠಣ್... ನಡುನಡುವೆ ತೊಟ್ಟಿಕ್ಕುವ ಸದ್ದು. ಒದ್ದೆ ಬಟ್ಟೆಯಿಂದ ನೀರು ಕೆಳಗೆ ಬೀಳುವ ಸದ್ದು. ಟಪ್... ಟಪ್...

ಮುಚ್ಚಳದ ಕೆಳಗೆ ಬಂದು ನಿಂತಿತು.

"ತೆಗಿ," ಎಂದಳು ಅಕ್ಕ.

ತಮ್ಮ ಕೀಲಿ ಹಿಡಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡ.

"ತೆಗಿಯೋ. ಬಂದಿದಾರೆ."

"ಯಾರು ಬಂದಿರೋದು ಅಂತ ಗೊತ್ತಿಲ್ಲ ಅಕ್ಕ."

"ನಿನ್ನ ಭಾವ ಕಣೋ."

"ಭಾವ ಆದ್ರೆ ಮಾತಾಡ್ಲಿ. ಒಂದು ಮಾತು ಆಡ್ಲಿ, ತೆಗೀತೀನಿ."

ಅಕ್ಕ ಮುಚ್ಚಳದ ಮೇಲೆ ಬಗ್ಗಿ, ಬಾಯಿ ಅದಕ್ಕೆ ತಾಗಿಸಿ ಕರೆದಳು. "ರೀ..." ಎಂದಳು. "ನಾನು ರೀ." ಮನೆಯಲ್ಲಿ ಊಟಕ್ಕೆ ಕರೆಯುವ ಹಾಗೆಯೇ.

ಒಳಗಿನಿಂದ ಮಾತಿಲ್ಲ. ಟಪ್... ಟಪ್...

ಬಾಯಿದ್ದಿದ್ದರೆ ಮಾತಾಡುತ್ತಿದ್ದರೇನೋ. ಆ ಬುದ್ಧಿ ತಮ್ಮನಿಗೆ ಆಗ ಬರಲಿಲ್ಲ. ಅಕ್ಕ ಅವನ ಮುಷ್ಟಿ ಬಿಡಿಸಲು ಹೋದಳು. ಉಗುರು ಊರಿದಳು. ಆ ಗಾಯದ ಗುರುತು ಈಗಲೂ ಇದೆ, ನಾನು ನೋಡಿದ್ದೇನೆ. ತಮ್ಮ ಬಿಡಲಿಲ್ಲ. ಹಟದಿಂದಲ್ಲ, ಬೆರಳುಗಳು ಬಿಚ್ಚಲೇ ಇಲ್ಲ ಅಣ್ಣ, ಎನ್ನುತ್ತಾನೆ.

ಎಷ್ಟು ಹೊತ್ತೋ. ಮುಚ್ಚಳ ಒಳಗಿನಿಂದ ಒಂದು ಸಲ, ಮೆಲ್ಲಗೆ, ಬೀಗ ಜಗ್ಗುವಷ್ಟು ಮೇಲಕ್ಕೆದ್ದು ಕೂತಿತು. ಇನ್ನೊಂದು ಸಲ ಏಳಲಿಲ್ಲ.

ಠಣ್.

ಕೆಳಕ್ಕೆ. ಹತ್ತಿದ್ದಕ್ಕಿಂತ ನಿಧಾನವಾಗಿ. ಒಂದೊಂದೇ ಮೆಟ್ಟಿಲು... ಸದ್ದು ಸಣ್ಣಗಾಗುತ್ತ, ಸಣ್ಣಗಾಗುತ್ತ, ಕೊನೆಯದು ಕೇಳಿಸಿತೋ ಇಲ್ಲವೋ ಎಂಬಂತೆ.

ಆಗ ತಮ್ಮನ ಬೆರಳು ಬಿಚ್ಚಿದವು. ಬೀಗ ತೆಗೆದು, ಮುಚ್ಚಳ ಎತ್ತಿ, ಟಾರ್ಚು ಬಿಟ್ಟ. ಬಾವಿ ಬರಿದಾಗಿತ್ತು. ಏಣಿ ಮಾತ್ರ ತಳದಿಂದ ಮೇಲಿನ ಕೊನೆಯ ಮೆಟ್ಟಿಲ ತನಕ ಒದ್ದೆ.

ಗಂಟೆಯನ್ನು ಮತ್ತೆ ಮತ್ತೆ ಬಾರಿಸಿದರು. ಮುಚ್ಚಳವನ್ನು ತೆರೆದೇ ಇಟ್ಟರು. ಇಬ್ಬರೂ ಅಂಚಿನಲ್ಲಿ ಕೂತು ಕರೆದರು. ತಮ್ಮನೂ ಕರೆದ. "ಭಾವ, ಬನ್ನಿ. ತಪ್ಪಾಯ್ತು, ಬನ್ನಿ." ಏಣಿಯ ಮೇಲೆ ಏನೂ ಸದ್ದಾಗಲಿಲ್ಲ.

ಬೆಳಗಿನ ಜಾವವಾಯಿತು. ಹೋಗಿಬಿಟ್ಟರೇನೋ, ಅದೇ ಒಳ್ಳೆಯದೇನೋ ಎಂದುಕೊಳ್ಳುತ್ತ ತಮ್ಮ ಬಾವಿ ಪೆಟ್ಟಿಗೆಯ ಪ್ಲಗ್ಗು ಕಿತ್ತು, ಎರಡನ್ನೂ ಮೊದಲಿನಂತೆ ಇಟ್ಟ. ಇಟ್ಟದ್ದೇ ತಡ... ಗುಂಯ್. ಪರದೆಯ ಮೇಲೆ ಅದೇ ಸಾಲು. ಒಳಗೆ ಮನುಷ್ಯ ಇದ್ದಾನೆ.

ಊರಿನ ಕಡೆಯಿಂದ ಫೋನು ಬರತೊಡಗಿತು. ಆಸ್ಪತ್ರೆಯವರದೂ ಬಂತು, ತೊಟ್ಟಿ ಖಾಲಿಯಾಗಿದೆ ಎಂದು. ತಮ್ಮ ಅಕ್ಕನ ಮುಖ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿಕೊಂಡು ಕೂತಿದ್ದಳು.

"ಅಕ್ಕ..."

"ಹೋಗು. ನೀರು ಬೇಕಲ್ಲ ಜನಕ್ಕೆ."

ತಮ್ಮ ಹೋಗಿ ಚಕ್ರ ತಿರುಗಿಸಿದ. ಕಿರ್ರ್... ಕಿರ್ರ್... ನೀರು ಬಿತ್ತು. ಅವನು ವಾಪಸು ಬರುವ ತನಕ ಅವಳು ಹಾಗೇ ಇದ್ದಳು. ಅವನು ಬಾಗಿಲಲ್ಲಿ ನಿಂತಾಗ ಒಂದೇ ಮಾತು ಹೇಳಿದಳು.

"ಆರಿತು."

ಅದೇ ಕೊನೆ. ಆಮೇಲೆ ಇವತ್ತಿನ ತನಕ ಅವಳು ತಮ್ಮನ ಜೊತೆ ಮಾತಾಡಿಲ್ಲ. ಬೈದೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ ಅವನು. ಆ ಕೆಲಸ ಬಿಟ್ಟ. ಈಗ ಒಂದು ಗೋದಾಮಿನಲ್ಲಿ ಸಾಮಾನು ಇಳಿಸುತ್ತಾನೆ. ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚಲು ಬಿಡುವುದಿಲ್ಲ, ಚಳಿಗಾಲದಲ್ಲೂ. ಅವನ ಹೆಂಡತಿ ನನ್ನ ಹತ್ತಿರ ಬಂದು ಅತ್ತಳು. ನಾನೇನು ಮಾಡಲಿ? ದೇವರಲ್ಲಿ ಹೇಳಿಕೊಂಡೆ. ನಾವು ಹೇಳಿದ್ದು ಅಲ್ಲಿಗೆ ತಲುಪುತ್ತದೆ ಎಂದು ನಂಬಿಕೊಂಡು ಬಂದವನು ನಾನು. ಅಲ್ಲಿಂದ ಮಾತ್ರ ಏನೂ ಬಂದಿಲ್ಲ.

ಪಂಪುಮನೆಗೆ ಹೊಸ ಪೆಟ್ಟಿಗೆಗಳು ಬಂದವು. ಗೇಟು ಈಗ ತಾನಾಗಿಯೇ ತೆರೆಯುತ್ತದೆ, ಯಾರನ್ನೂ ಕೇಳುವುದಿಲ್ಲ. ಹಳೆಯವನ್ನು ಗುಜರಿಗೆ ಹಾಕಿದರು. ಬಾವಿಯದು ಅಲ್ಲಿಗೇ ಹೋಯಿತು. ಗೇಟಿನದನ್ನು ಅಕ್ಕ ಕೇಳಿ ಮನೆಗೆ ತಂದುಕೊಂಡಳು. ಅಡುಗೆಮನೆಯ ಮೂಲೆಯಲ್ಲಿ, ನೆಲದ ಮೇಲೆ ಇಟ್ಟಿದ್ದಾಳೆ. ಅದರ ತಂತಿಯನ್ನು ಗುಜರಿಯವನೇ ಕತ್ತರಿಸಿಕೊಂಡಿದ್ದ. ಕೆಳಗೆ ಯಾವ ಪೆಟ್ಟಿಗೆಯೂ ಇಲ್ಲ. ನೆಲ, ಅಷ್ಟೇ.

ಹೋದ ಚಳಿಗಾಲ ನಾನು ಅವಳ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಬೆಳಗಿನ ಜಾವ ಪ್ರಾರ್ಥನೆಗೆಂದು ಬೇಗ ಎದ್ದು, ನೀರು ಹಿಡಿಯಲು ಅಡುಗೆಮನೆಗೆ ಹೋದೆ. ಕೈಕಾಲು ಮರಗಟ್ಟುವ ಚಳಿ. ಪೆಟ್ಟಿಗೆಯ ಮೇಲೆ ಅವಳ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು. ಪಕ್ಕದಲ್ಲೇ ಒಲೆ, ಅದಿನ್ನೂ ಬೆಚ್ಚಗಿತ್ತು. ಬೆಕ್ಕು ಅಲ್ಲಿಗೆ ಹೋಗಿರಲಿಲ್ಲ.

ನಾನು ನಲ್ಲಿ ತಿರುಗಿಸಿದೆ. ಮೊದಲು ಬರೀ ಗಾಳಿ, ಬುಸ್ ಎಂದು. ಸ್ವಲ್ಪ ಹೊತ್ತಿಗೆ ನೀರು ಬಂತು. ಊರಿಗೆ ಆಗಷ್ಟೇ ಬಿಟ್ಟಿದ್ದರು ಅಂತ ಕಾಣುತ್ತದೆ.

ಆಗ ಬೆಕ್ಕು ಎದ್ದು, ಮೈ ಮುರಿದು, ಒಲೆಯ ಹತ್ತಿರ ಹೋಗಿ ಮಲಗಿತು.